ತಾಯಿ ಪಾರ್ಟಿನ ಕೊನೆಯ ಹಾಳೆ

ಮರಿಸಿದ್ದಯ್ಯ ಮೇಷ್ಟ್ರು ಯಾವ ಸ್ಕೂಲಿನಲ್ಲೂ ಪಾಠ ಹೇಳಿದವರಲ್ಲ. ಅವರು ನಾಟಕದ ಮೇಷ್ಟ್ರು. ಬೆಸಗರಹಳ್ಳಿಯಿಂದ ಹಲಗೂರಿನವರೆಗೆ ನಲವತ್ತು ವರ್ಷದಿಂದ ಊರೂರು ಸುತ್ತಿ ನಾಟಕ ಕಲಿಸಿದ್ದಾರೆ. ಕಬ್ಬು ಕಡಿಯುವವರನ್ನು, ಟ್ರ್ಯಾಕ್ಟರ್ ಓಡಿಸುವವರನ್ನು, ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವ ನನ್ನಂಥವರನ್ನು ಹಿಡಿದು ತಂದು ರಾಜ, ಮಂತ್ರಿ, ಮುನಿ ಮಾಡಿದ್ದಾರೆ. ಯಾರಾದರೂ ರಾಗ ತಪ್ಪಿದರೆ ಹಾರ್ಮೋನಿಯಂ ನಿಲ್ಲಿಸಿ, "ಲೇ, ನಿಮ್ಮನೆ ಎಮ್ಮೆ ಇದಕ್ಕಿಂತ ಚೆಂದಾಗಿ ರಾಗ ಎಳೀತದೆ, ನಾಳೆಯಿಂದ ಅದನ್ನೇ ಕಳ್ಸು" ಎನ್ನುತ್ತಾರೆ. ನಾನು ಸಿದ್ದರಾಜು, ಹದಿನಾಲ್ಕು ವರ್ಷದಿಂದ ಅವರ ತಂಡದಲ್ಲಿ ಹಾಸ್ಯದ ಪಾರ್ಟು ಮಾಡುತ್ತಿದ್ದೇನೆ. ಬೈಗುಳದಲ್ಲಿ ನನ್ನ ಪಾಲು ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ಇದೆ.

ಅವರು ಕಲಿಸುವ ಕ್ರಮ ಹಳೆಯದು. ಪೂರ್ತಿ ನಾಟಕವನ್ನು ಯಾರ ಕೈಗೂ ಕೊಡುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್. ಅದರಲ್ಲಿ ನಮ್ಮ ಮಾತು ನೀಲಿ ಶಾಯಿಯಲ್ಲಿರುತ್ತದೆ. ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ಎರಡು ಪದ ಕೆಂಪಿನಲ್ಲಿ. ಕೆಂಪು ಕಿವಿಗೆ ಬಿದ್ದ ಕೂಡಲೇ ನೀಲಿ ಬಾಯಿಗೆ ಬರಬೇಕು, ಅಷ್ಟೆ. ಎಲ್ಲ ನೋಟ್‌ಬುಕ್ಕನ್ನೂ ಮೇಷ್ಟ್ರೇ ಕೈಯಾರೆ ಬರೆಯುತ್ತಾರೆ. ಜೆರಾಕ್ಸ್ ಮಾಡಿಸೋಣ ಅಂದರೆ, ಮೆಷೀನಿಗೆ ಪಾರ್ಟು ಬತ್ತದೇನ್ಲಾ ಎಂದು ಗದರುತ್ತಾರೆ.

ಬೇರೆಯವರ ನಾಟಕಗಳನ್ನು ನೂರಾರು ಸಲ ಆಡಿಸಿದ ಮೇಷ್ಟ್ರು ತಾವೇ ಬರೆದದ್ದು ಒಂದೇ ಒಂದು. ಅದರ ನಾಯಕಿ ಗಿರಿಜೆ. ತಪ್ಪೇ ಮಾಡದ ಹುಡುಗಿಯ ಮೇಲೆ ಗಂಡನ ಮನೆಯವರು ಅಪವಾದ ಹೊರಿಸುತ್ತಾರೆ. ಕೊನೆಯ ದೃಶ್ಯದಲ್ಲಿ ಅವಳು ಉದ್ದನೆಯ ಹಾಡೊಂದನ್ನು ಹಾಡಿ ಪ್ರಾಣ ಬಿಡುತ್ತಾಳೆ. ಅತ್ತೆ, ಗಂಡ, ಊರ ಯಜಮಾನ ಎಲ್ಲರೂ ಓಡಿಬಂದು ಅವಳ ಕಾಲಿಗೆ ಬಿದ್ದು ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ. ತಾಯಿ ಗೋಳಾಡುತ್ತಾಳೆ. ಪರದೆ ಬೀಳುತ್ತದೆ. ಹಾಡು ಮುಗಿಯುತ್ತಿದ್ದಂತೆ ಜನ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು. ಸತ್ತ ಗಿರಿಜೆ ಎದ್ದು ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯುತ್ತಿದ್ದಳು. ಮಳವಳ್ಳಿ ಕಡೆಯ ಒಂದೂರಿನಲ್ಲಿ ಮೂರು ಸಲ ಸತ್ತದ್ದುಂಟು. ನಾವು ಪರದೆಯ ಹಿಂದೆ ನಿಂತು ನಗುತ್ತಿದ್ದೆವು. ಮೇಷ್ಟ್ರಿಗೆ ಮಾತ್ರ ಆ ದೃಶ್ಯವೆಂದರೆ ಹೆತ್ತ ಮಗುವಿನಷ್ಟು ಹೆಮ್ಮೆ. "ಇಡೀ ತಾಲ್ಲೂಕನ್ನೇ ಅಳ್ಸಿವ್ನಿ ಕಣ್ಲಾ" ಎನ್ನುತ್ತಿದ್ದರು.

ನಮ್ಮ ತಂಡದಲ್ಲಿ ಇರುವವರೆಲ್ಲ ಗಂಡಸರು. ಹೆಣ್ಣಿನ ಪಾರ್ಟಿಗೆ ಹೊರಗಿನಿಂದ ಕರೆಸಬೇಕು. ತಾಯಿಯ ಪಾರ್ಟಿಗೆ ಹದಿನೆಂಟು ವರ್ಷದಿಂದ ಬರುತ್ತಿದ್ದವರು ಮದ್ದೂರಿನ ಯಶೋದಮ್ಮ. ಗಂಡ ಇಲ್ಲ, ಮಗಳು ಸಿಂಚನಳನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಮಗುವನ್ನೂ ಜೊತೆಯಲ್ಲೇ ಕರೆತರುತ್ತಿದ್ದರು. ಡ್ರೆಸ್ಸಿನ ಟ್ರಂಕಿನ ಮೇಲೆ ಮಲಗಿ, ಬಣ್ಣದ ಡಬ್ಬಿಗಳ ನಡುವೆ ಹೋಂವರ್ಕ್ ಮಾಡಿ ಬೆಳೆದ ಹುಡುಗಿ ಅದು. ಮುಂದೆ ಮದ್ದೂರಿನಲ್ಲೇ ಕಾಲೇಜಿಗೆ ಸೇರಿದಳು. ಎರಡು ವರ್ಷದ ಹಿಂದೆ ಒಂದು ದಿನ ತಾನೇ ತನ್ನ ಜೀವ ಕಳೆದುಕೊಂಡಳು. ಹತ್ತೊಂಬತ್ತು ವರ್ಷ. ಚೀಟಿ ಬರೆದಿಡಲಿಲ್ಲ, ಯಾರೊಂದಿಗೂ ಜಗಳವಿರಲಿಲ್ಲ. ಊರಿಗೆ ಒಂದು ಕಾರಣ ಬೇಕಲ್ಲ. ಹತ್ತು ಬಾಯಿ ಹತ್ತು ಕಾರಣ ಹೇಳಿದವು. ನಿಜ ಏನೆಂದು ಯಾರಿಗೂ ಗೊತ್ತಿರಲಿಲ್ಲ.

ಮಣ್ಣಿಗೆ ನಾವೆಲ್ಲ ಹೋಗಿದ್ದೆವು. ಆಮೇಲೆ ಏನು ಮಾತಾಡಬೇಕೋ ತಿಳಿಯದೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ನಾನೂ ಹೋಗಲಿಲ್ಲ. ದಿನಾ ಅದೇ ಬೀದಿಯ ತುದಿಯಲ್ಲಿ ಬಸ್ಸು ಹತ್ತುವವನು ನಾನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೇಷ್ಟ್ರು ನಾಟಕ ಕಲಿಸಲು ಶುರುಮಾಡಿ ಈ ವರ್ಷಕ್ಕೆ ನಲವತ್ತು ವರ್ಷ ತುಂಬಿದ ಲೆಕ್ಕದಲ್ಲಿ ಗಿರಿಜೆಯ ನಾಟಕವನ್ನೇ ಮಂಡ್ಯದ ಕಲಾಮಂದಿರದಲ್ಲಿ ಆಡೋಣವೆಂದು ತೀರ್ಮಾನವಾಯಿತು. ಸುದ್ದಿ ಕೇಳಿ ಯಶೋದಮ್ಮ ತಾವಾಗಿಯೇ ಫೋನ್ ಮಾಡಿದರು. "ತಾಯಿ ಪಾರ್ಟು ನಂದೇ ತಾನೆ ಮೇಷ್ಟ್ರೆ?" ಎಂದು ಕೇಳಿದರು. ಮೇಷ್ಟ್ರು ಹೂಂ ಎಂದರು. ಎಂದ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗಳು ಹೀಗೆ ಹೋಗಿರುವಾಗ ಆ ತಾಯಿಯ ಕೈಲಿ ವೇದಿಕೆಯ ಮೇಲೆ ಮಗಳ ಹೆಣದ ಮುಂದೆ ಅಳಿಸುವುದೇ? ಕೊನೆಗೆ ಹೊಸ ನೋಟ್‌ಬುಕ್ ತಂದು ತಾಯಿಯ ಪಾರ್ಟನ್ನು ಬೇರೆ ಮಾಡಿ ಬರೆದರು. ಅದರಲ್ಲಿ ಕೊನೆಯ ದೃಶ್ಯಕ್ಕೆ ಮುಂಚೆಯೇ ತಾಯಿ ತೀರ್ಥಯಾತ್ರೆಗೆ ಹೊರಟುಹೋಗುತ್ತಾಳೆ. ಒಳ್ಳೇ ಕೆಲಸ ಮಾಡಿದ್ರಿ ಮೇಷ್ಟ್ರೆ ಎಂದು ನಾವೆಲ್ಲ ತಲೆಯಾಡಿಸಿದೆವು.

ಮೊದಲ ಪ್ರಾಕ್ಟೀಸು ಒಂದು ಭಾನುವಾರ ಮಧ್ಯಾಹ್ನ, ನಮ್ಮೂರ ಸ್ಕೂಲಿನ ಜಗಲಿಯಲ್ಲಿ. ಯಶೋದಮ್ಮ ಬಂದರು. ಮೊದಲಿಗಿಂತ ಇಳಿದುಹೋಗಿದ್ದರು. ನೋಟ್‌ಬುಕ್ ತೆಗೆದುಕೊಂಡು ಕಣ್ಣಾಡಿಸಿದರು, ಕೊನೆಯ ಪುಟಕ್ಕೆ ಬಂದು ನಿಂತರು.

"ಇದ್ರಲ್ಲಿ ಒಂದು ಹಾಳೆ ಕಮ್ಮಿ ಅದೆ ಮೇಷ್ಟ್ರೆ."

"ನಿಂಗೆ ನೋವಾಯ್ತದೆ ಅಂತ ತೆಗ್ದೆ ಕಣಮ್ಮ."

ಯಶೋದಮ್ಮ ಸಿಟ್ಟಾಗಲಿಲ್ಲ. ನೋಟ್‌ಬುಕ್ ಮಡಿಚಿ ತೊಡೆಯ ಮೇಲಿಟ್ಟುಕೊಂಡರು. "ನಮ್ಮ ಬೀದೀಲೂ ಅಂಗೇ ಮಾಡವ್ರೆ. ನಾನು ನಲ್ಲಿ ತಾವ್ಕೋದ್ರೆ ಮಾತು ನಿಲ್ಲುಸ್ತಾರೆ. ತಮ್ಮ ಮಕ್ಕಳ ಸುದ್ದೀನೂ ನನ್ ಮುಂದೆ ಎತ್ತಕಿಲ್ಲ. ನಂಗೆ ನೋವಾಗಬಾರ್ದು ಅಂತ. ಎರಡು ವರ್ಸ ಆಯ್ತು, ಸಿಂಚನ ಅನ್ನೋ ಎಸರನ್ನ ಇನ್ನೊಬ್ರ ಬಾಯಲ್ಲಿ ನಾನು ಕೇಳ್ನಿಲ್ಲ. ಈಗ ನೀವೂ ಹಾಳೆ ಕಿತ್ರಾ?"

ಮೇಷ್ಟ್ರು ತಡವರಿಸಿದರು. "ಅಂಗಾದ್ರೆ ಬುಡು, ಹಳೇ ಸೀನೇ ಇರ್ಲಿ."

"ಬ್ಯಾಡಿ. ಅದೂ ಸುಳ್ಳು."

ಮೇಷ್ಟ್ರು ಆ ನಾಟಕ ಬರೆದು ಮೂವತ್ತು ವರ್ಷವಾಗಿತ್ತು, ಅಷ್ಟು ವರ್ಷದಲ್ಲಿ ಆ ದೃಶ್ಯವನ್ನು ಸುಳ್ಳು ಎಂದವರು ಇರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಶೋದಮ್ಮ ಮಾತು ನಿಲ್ಲಿಸಲಿಲ್ಲ.

"ಗಿರಿಜೆ ಸತ್ತೇಟಿಗೆ ಎಲ್ಲಾರ್ಗೂ ಬುದ್ಧಿ ಬತ್ತದೆ. ಕಾಲಿಗೆ ಬೀಳ್ತಾರೆ. ಅವಳು ಗೆದ್ದಂಗೆ ಆಯ್ತದೆ. ಜನ ಕೂಗುದ್ರೆ ಎದ್ದೂ ಬತ್ತಾಳೆ. ನಮ್ಮನೇಲಿ ಯಾರ್ಗೂ ಬುದ್ಧಿ ಬರ್ನಿಲ್ಲ, ಯಾರೂ ಗೆಲ್ನಿಲ್ಲ ಮೇಷ್ಟ್ರೆ. ಮಣ್ಣು ಮಾಡಿದ ಮಾರನೆ ದಿನ ಹಾಲ್ನೋನು ಬಂದ. ನಾನು ಇಬ್ಬರಿಗಾಗೋ ಅಷ್ಟು ಹಾಲು ಈಸ್ಕಂಡೆ. ಕಾಯಿಸ್ದೆ. ಆಮೇಲೆ ಜ್ಞಾಪಕ ಬಂತು. ಪರದೆ ಬಿದ್ದ ಮ್ಯಾಕೂ ತಾಯಿ ಅಲ್ಲೇ ಕೂತಿರ್ತಾಳೆ. ಅವಳಿಗೆ ನಾಲ್ಕು ಮಾತು ಬರ್ದು ಕೊಡಿ, ಸಾಕು."

ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಬೈಯಲೂ ಇಲ್ಲ. ಹಾರ್ಮೋನಿಯಂ ಮುಚ್ಚಿ, ಟಿವಿಎಸ್ ಹತ್ತಿ ಹೊರಟೇಹೋದರು. ಹತ್ತು ದಿನ ಫೋನ್ ಎತ್ತಲಿಲ್ಲ. ನಾಟಕ ನಿಂತಿತು ಎಂದೇ ನಾವು ತಿಳಿದೆವು. ನಿಜ ಹೇಳಬೇಕೆಂದರೆ ನನಗೂ ಯಶೋದಮ್ಮನ ಮೇಲೆ ಒಂಚೂರು ಕೋಪ ಬಂದಿತ್ತು. ವಯಸ್ಸಾದ ಮನುಷ್ಯ, ಅವರಿಗಿರುವ ಆಸ್ತಿ ಅದೊಂದೇ ದೃಶ್ಯ, ಅದನ್ನೂ ಕಿತ್ತುಕೊಳ್ಳಬೇಕೇ ಅನ್ನಿಸಿತ್ತು.

ಹನ್ನೊಂದನೆಯ ದಿನ ಮೇಷ್ಟ್ರು ಬಂದರು. ಯಶೋದಮ್ಮನನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, "ನೀನು ಹೇಳಮ್ಮ, ನಾನು ಬರ್ಕೋತೀನಿ" ಎಂದರು. ನಲವತ್ತು ವರ್ಷ ಹೇಳಿಕೊಟ್ಟ ಮನುಷ್ಯ ಹೇಳಿಸಿಕೊಳ್ಳಲು ಕೂತಿದ್ದರು. ನೀಲಿ ಪೆನ್ನು, ಕೆಂಪು ಪೆನ್ನು ಎರಡನ್ನೂ ಹಿಡಿದಿದ್ದರು. "ನಿನ್ನ ಮೊದಲನೇ ಮಾತಿಗೆ ಮುಂಚೆ ಯಾರ ಮಾತು ಬತ್ತದೆ?" ಎಂದು ವಾಡಿಕೆಯಂತೆ ಕೇಳಿದರು.

"ಯಾರ್ದೂ ಇಲ್ಲ. ಯಾರಾನಾ ಸುರು ಮಾಡ್ತಾರೆ ಅಂತ ನಾನು ಕಾಯ್ಕಂಡೇ ಇದ್ದೆ. ಯಾರೂ ಮಾಡ್ನಿಲ್ಲ."

ಮೇಷ್ಟ್ರು ಕೆಂಪು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಮೂರು ಭಾನುವಾರ ಹೀಗೇ ಬರೆದರು. ಗಿರಿಜೆಯ ಹಾಡು ಹೋಯಿತು. ಸಾವು ವೇದಿಕೆಯ ಮೇಲೆ ಕಾಣುವುದಿಲ್ಲ. ಹೊಸ ದೃಶ್ಯದಲ್ಲಿ ಬೆಳಗಾಗಿದೆ, ತಾಯಿ ಬಾಗಿಲಲ್ಲಿ ಕೂತಿದ್ದಾಳೆ, ನೆರೆಯವರು ತಲೆ ತಗ್ಗಿಸಿಕೊಂಡು ಪಕ್ಕದಲ್ಲೇ ಹಾದುಹೋಗುತ್ತಾರೆ. ತಾಯಿ ಒಬ್ಬನನ್ನು ನಿಲ್ಲಿಸಿ, ನನ್ನ ಮಗಳು ಹೇಗಿದ್ದಳು ಹೇಳು ಎಂದು ಕೇಳುತ್ತಾಳೆ. ಆ ಒಬ್ಬನ ಪಾರ್ಟು ನನಗೆ ಬಂತು. "ನೀನು ಅಳಕ್ಕೋದ್ರೆ ಜನ ನಗ್ತಾರೆ. ಅದ್ಕೇ ನಿಂಗೆ ಕೊಟ್ಟಿರೋದು, ಅಳಬ್ಯಾಡ" ಎಂದರು ಮೇಷ್ಟ್ರು. ಗಿರಿಜೆಯ ಒಳ್ಳೆಯ ಗುಣಗಳನ್ನು ಹೇಳುವ ಐದು ಸಾಲು ನನ್ನ ಪಾಲಿಗಿದ್ದವು.

ನಾಟಕದ ದಿನ ಭಾನುವಾರ. ಬೆಳಗ್ಗೆ ಹತ್ತೂವರೆಗೆ ಶುರು. ಕಲಾಮಂದಿರ ಮುಕ್ಕಾಲು ತುಂಬಿತ್ತು. ಹಳೆಯ ಅಭಿಮಾನಿಗಳು ಹಾಡಿಗಾಗಿ ಕಾದು ಕುಳಿತಿದ್ದರು. ಹಾಡೇ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು, ಕೆಲವರು ಕಾಫಿಗೆಂದು ಎದ್ದುಹೋದರು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಬೆವರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೊನೆಯ ದೃಶ್ಯಕ್ಕೆ ಪರದೆ ಎದ್ದಿತು. ಯಶೋದಮ್ಮ ಬಾಗಿಲಲ್ಲಿ ಕೂತಿದ್ದರು. ನಾನು ತಲೆ ತಗ್ಗಿಸಿ ಹಾದುಹೋಗುವಾಗ ನನ್ನ ಕೈ ಹಿಡಿದರು.

"ನನ್ ಮಗಳು ಎಂಗಿದ್ಲಪ್ಪ, ಹೇಳು."

ಐದು ಸಾಲೂ ನನ್ನ ತಲೆಯಿಂದ ಹೋದವು. ಹದಿನಾಲ್ಕು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಮೇಷ್ಟ್ರ ಕಡೆ ನೋಡಿದೆ. ಮರೆತವರಿಗೆ ಅವರು ಕೆಳಗಿನಿಂದಲೇ ಮಾತು ಎತ್ತಿಕೊಡುತ್ತಾರೆ. ಅವತ್ತು ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ಯಶೋದಮ್ಮನ ಕೈ ನನ್ನ ಕೈಯನ್ನು ಬಿಡಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಸಿಂಚನ ನನ್ನ ಮೀಸೆ ಕದ್ದಿದ್ಲು ಕಣಮ್ಮ."

ಜನ ನಕ್ಕರು. ನಾನು ನಿಲ್ಲಿಸಲಿಲ್ಲ. ಅವಳಿಗೆ ಆಗ ಎಂಟು ವರ್ಷ. ಹಲಗೂರಿನಲ್ಲಿ ನಾಟಕ. ನನ್ನ ಅಂಟಿನ ಮೀಸೆಯನ್ನು ತಾನು ಹಚ್ಚಿಕೊಂಡು ಪರದೆಯ ಸಂದಿಯಲ್ಲಿ ಅಡಗಿದ್ದಳು. ನಾನು ಮೀಸೆ ಇಲ್ಲದೆಯೇ ವೇದಿಕೆಗೆ ಹೋಗಿ ಬೈಸಿಕೊಂಡೆ. ಆಮೇಲೆ ಹಿಡಿದು ಕೇಳಿದರೆ, "ಸಿದ್ರಾಜಣ್ಣ, ಇದು ನಿಂಗಿಂತ ನಂಗೇ ಒಪ್ತದೆ" ಎಂದಿದ್ದಳು. ಅಮ್ಮನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳು.

ಯಶೋದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರೂ ಬಂತು. "ಇದು ನಂಗೆ ಗೊತ್ತೇ ಇರ್ನಿಲ್ಲ" ಎಂದರು. ಅದು ನೋಟ್‌ಬುಕ್ಕಿನಲ್ಲಿ ಇದ್ದ ಮಾತಲ್ಲ. ಸತ್ತು ಎರಡು ವರ್ಷವಾದ ಮಗಳ ಬಗ್ಗೆ ತಾಯಿಗೆ ಒಂದು ಹೊಸ ಸುದ್ದಿ ಸಿಕ್ಕಿತ್ತು. ಅದನ್ನು ನಾನು ಇಷ್ಟು ದಿನ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.

ಬಣ್ಣ ತೆಗೆಯುವ ಕೋಣೆಯಲ್ಲಿ ಮೇಷ್ಟ್ರು ಬಂದು ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಯಶೋದಮ್ಮನ ಎದುರಿಗೆ ನೆಲದ ಮೇಲೆ ಕೂತರು.

"ನನ್ತಾವೂ ಒಂದದೆ ಕಣಮ್ಮ. ಒಳ್ಳೇದಲ್ಲ. ಹೇಳ್ಲಾ?"

"ಹೇಳಿ."

"ಮಗೀಗೆ ಆಗ ಹತ್ತು ವರ್ಸ ಇದ್ದಾತು. ನಾಟಕ ಮುಗಿದ ಮ್ಯಾಲೆ ಹತ್ರ ಬಂದು, ತಾತ, ಗಿರಿಜೆ ಸಾಯ್ದಂಗೆ ಬರ್ಕೊಡಿ ಅಂದ್ಲು. ನಾನು ನಕ್ಬುಟ್ಟೆ. ಅವಳು ಸಾಯ್ದಿದ್ರೆ ಜನ ಯಾಕ್ಲೇ ಅಳ್ತಾರೆ, ಓಗು ಮಲಿಕ್ಕೋ ಅಂದೆ. ಮಗು ಕೇಳ್ಕಂಡು ಬಂದದ್ದು ಅದೊಂದೇ. ಎರಡಕ್ಷರ ಗೀಚಿದ್ರೆ ಆಗ್ತಿತ್ತು. ಸುದ್ದಿ ಬಂದ ದಿನದಿಂದ ನಂಗೆ ಅದೇ ಕೇಳುಸ್ತದೆ. ಅದ್ಕೇ ನಿಮ್ಮನೆ ಕಡೆ ಬರಕ್ಕೆ ಮೊಖ ಇರ್ನಿಲ್ಲ."

ಈ ಮಾತನ್ನು ಹೇಳಬಾರದಿತ್ತು ಎಂದು ನನಗೆ ಭಯವಾಯಿತು. ಯಶೋದಮ್ಮ ಬಣ್ಣ ಒರೆಸುವುದನ್ನು ಅರ್ಧಕ್ಕೇ ಬಿಟ್ಟರು. ಆಮೇಲೆ ಕುರ್ಚಿ ಬಿಟ್ಟು ಇಳಿದು ಮೇಷ್ಟ್ರ ಪಕ್ಕ ನೆಲದ ಮೇಲೆ ಕೂತರು.

"ಒಂದು ಮಾತಿಗೆಲ್ಲ ಯಾರೂ ಓಗಕಿಲ್ಲ ಬುಡಿ ಮೇಷ್ಟ್ರೆ. ನಾನೂ ಅಂಗೇ ಒಂದೊಂದೇ ಮಾತು ಹುಡುಕ್ತಾ ಕೂತಿದ್ದೆ, ಎರಡು ವರ್ಸ" ಎಂದರು. "ಒಂದ್ಸಲ ನಮ್ಮನೇಗೆ ಬಂದಿದ್ರೆ ಇಬ್ರೂ ಕೂತು ಅಳಬೋದಿತ್ತಲ್ಲ."