ಲಿವರ್ ಇಲ್ಲದ ಪಿಕಪ್

ನಾಲ್ಕೂ ಚಕ್ರಗಳಿಗೆ ತಾನಾಗಿಯೇ ಶಕ್ತಿ ಹಂಚುವ ಆ ಹಳೆಯ ವಿದೇಶಿ ಪಿಕಪ್‌ಗೆ ಸಾದಾ ಗಾಡಿಯ ಎರಡರಷ್ಟು ಬೆಲೆ ಕೊಟ್ಟೆ. ಪೋರೂರಿನ ರಸ್ತೆಗಳಲ್ಲಿ ನೀರು ನಿಂತರೂ ನಮ್ಮ ಹೋಟೆಲಿನ ಮದುವೆ ಊಟ ಹೊತ್ತಿಗೆ ಸರಿಯಾಗಿ ತಲುಪಬೇಕಿತ್ತು. ಮಳೆಯಲ್ಲಿ ಅದು ಒಮ್ಮೆಯೂ ಕೈಕೊಡಲಿಲ್ಲ.

ಆಮೇಲೆ ಎಣ್ಣೂರಿನ ಕಡಲ ದಂಡೆಯಲ್ಲೊಂದು ಮದುವೆ ಬಂತು. ನಾಗಸ್ವರ ಕೇಳಿಸುವಷ್ಟು ಹತ್ತಿರದಲ್ಲಿ, ಆದರೆ ಬಿಸಿ ಹಂಡೆ ಹೊತ್ತು ನಡೆಯಲಾಗದಷ್ಟು ದೂರದಲ್ಲಿ, ಗಾಡಿ ಮರಳಿನಲ್ಲಿ ಸಿಕ್ಕಿಕೊಂಡಿತು. ಚಕ್ರ ಜಾರಿದ ಮೇಲಷ್ಟೇ ಎಚ್ಚರಗೊಳ್ಳುವ ವ್ಯವಸ್ಥೆ ಅದು. ಅಷ್ಟರಲ್ಲಿ ಚಕ್ರಗಳು ಹೂತುಹೋಗಿದ್ದವು. ಮತ್ತೆ ಮತ್ತೆ ಆಕ್ಸಿಲರೇಟರ್ ಒತ್ತಿದ್ದಕ್ಕೆ ಅದು ಕಾದುಹೋಗಿ, ಎರಡು ಚಕ್ರಗಳಿಗೆ ಶಕ್ತಿ ಕೊಡುವುದನ್ನೇ ಬಿಟ್ಟು ಕೆಂಪು ದೀಪ ಹೊತ್ತಿಸಿತು.

"ಭಾವ, ಇದಕ್ಕೆ ನಾಲ್ಕೂ ಚಕ್ರ ಒಟ್ಟಿಗೆ ತಿರುಗಿಸುವ ಲಿವರ್ ಎಲ್ಲುಂಟು?" ಎಂದ ಪಕ್ಕದಲ್ಲಿದ್ದ ನನ್ನ ಹೆಂಡತಿಯ ತಮ್ಮ.

"ಲಿವರ್ ಇಲ್ಲ ಮಾರಾಯ. ಎಲ್ಲ ಅದೇ ಮಾಡ್ತದೆ."

"ಹಾಗಾದ್ರೆ ಎಲೆ ಹಾಕುವ ಹೊತ್ತಾಯ್ತು ಅಂತ ಅದಕ್ಕೇ ಹೇಳಿ."

ಯಾರ ಹತ್ತಿರವಾದರೂ ಚೌಕಾಸಿ ಮಾಡಬಲ್ಲೆ. ಆ ದೀಪದ ಹತ್ತಿರ ಏನು ಮಾತಾಡಲಿ? ಗಾಡಿ ತಣಿಯಲೆಂದು ಸುಮ್ಮನೆ ಕೂತೆವು. ಸಾಂಬಾರೂ ತಣಿಯಿತು.

ನೀವು ಒದ್ದೆ ಡಾಂಬರಿನ ಮೇಲಷ್ಟೇ ಓಡಾಡುವವರಾದರೆ ಇಂಥದ್ದನ್ನೇ ಕೊಳ್ಳಿ, ತಲೆಬಿಸಿ ಇಲ್ಲ. ಮರಳು, ಕೆಸರು ಉಂಟಾದರೆ ಕೈಯಿಂದ ಹಾಕುವ ಲಿವರ್ ಇರುವುದನ್ನೇ ಕೇಳಿ. ಮರಳಿಗೆ ಇಳಿಯುವ ಮೊದಲೇ ಅದನ್ನು ಹಾಕಿಕೊಳ್ಳಿ.