ಮುತ್ಯಾನ ನೀಲಿ ಸೀರೆ ಹಿಡಿದು ಬೀಳಗಿ ದಾರಿಯಲ್ಲಿ

ರನ್ನ ಬೆಳಗಲಿಯಿಂದ ಮಹಾಲಿಂಗಪುರಕ್ಕೆ ಹೋಗುವ ಏಳು ಗಂಟೆಯ ಬಸ್ಸು ಅಂದು ಏಳೂವರೆಗೆ ಬಂತು. ನನ್ನ ಚೀಲದಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ನೀಲಿ ಸೀರೆ ಇದ್ದವು. ಸೀರೆ ನನ್ನದಲ್ಲ, ನಮ್ಮ ಆಯಿಯದೂ ಅಲ್ಲ. ಯಾರದೆಂದು ತಿಳಿದುಕೊಳ್ಳಲಿಕ್ಕೇ ಈ ಪ್ರಯಾಣ.

ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಅನ್ನುತ್ತೇವೆ. ಮುತ್ಯಾ ಕಾರಹುಣ್ಣಿಮೆ ಕಳೆದ ಮರುವಾರ ತೀರಿಕೊಂಡ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಕುರಿ ಮಾರಿ ಕಬ್ಬು ಹಚ್ಚಿದ ಮೇಲೂ ಅವನ ಮೈಯಿಂದ ಕುರಿಯ ವಾಸನೆ ಹೋಗಿರಲಿಲ್ಲ, ಆ ವಾಸನೆ ಇಲ್ಲದೆ ನನಗೀಗ ಮನೆಯೇ ಬೇಡವಾಗಿದೆ. ವರ್ಷಕ್ಕೊಮ್ಮೆ, ನಾಗರ ಪಂಚಮಿಗೆ ಮುಂಚೆ, ಒಬ್ಬನೇ ಹೊರಟು ಮರುದಿನ ಬರುತ್ತಿದ್ದ. ಕೇಳಿದರೆ ಬೀರಪ್ಪನ ಗುಡಿಗೆ ಹೋಗಿದ್ದೆ ಅನ್ನುತ್ತಿದ್ದ. ಬೀರಪ್ಪನ ಗುಡಿಗೆ ಹೋದವನು ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಳ್ಳದೆ ಬರುತ್ತಾನೆಯೇ? ಸಣ್ಣವಳಿದ್ದಾಗಲೇ ನನಗೆ ಈ ಸಂಶಯ ಹೊಕ್ಕಿತ್ತು. ಈಗ ಅವನ ಪೆಟ್ಟಿಗೆಯಲ್ಲಿ ಸೀರೆ ಸಿಕ್ಕಿತು.

ಆಯಿ ಅದನ್ನು ಮುಟ್ಟಲಿಲ್ಲ. "ಹೋಗಿ ನೋಡಿ ಬಾ. ಇನ್ನೊಂದು ಮನಿ ಇತ್ತೇನು, ಖರೇನ ಹೇಳಬೇಕು ನನಗ" ಅಂದಳು. ಖರೆ ಕಂಡುಹಿಡಿಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಆದರೆ ಈ ಸಲ ಭಯವಿತ್ತು. ಒಂದು ಸಲ ಸತ್ತವನನ್ನು ಇನ್ನೊಂದು ಸಲ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಬನಹಟ್ಟಿಗೆ ಬಂದಾಗ ಒಂಬತ್ತೂವರೆ. ಓಣಿ ತುಂಬ ಮಗ್ಗದ ಸದ್ದು, ಸಣ್ಣಗೆ ಜಿಟಿಜಿಟಿ ಮಳೆ. ಸೀರೆ ಸುತ್ತಿದ್ದ ಚೀಲದ ಮೇಲಿನ ಹೆಸರು ಹಿಡಿದು ಅಂಗಡಿ ಹುಡುಕಿದೆ. ಮುದುಕ ಅಂಗಡಿಕಾರ ಸೀರೆಯ ಸೆರಗು ತಿರುವಿ ನೋಡಿ ತಟ್ಟನೆ ಗುರುತಿಸಿದ. ಇಷ್ಟು ಬೇಗ ಗುರುತಿಸಿದ್ದೇ ನನಗೆ ಸರಿಬರಲಿಲ್ಲ.

"ಕುರುಬರ ಯಜಮಾನರದು. ವರ್ಷಾ ಒಂದ ಸೀರಿ ಒಯ್ತಿದ್ರು, ಬೀಳಗಿ ಕಡೆ ತಂಗಿಗಂತ. ಈ ಸಲದ್ದು ಮೊದಲ ಒಯ್ದಿದ್ರು" ಅಂದ.

"ಅವರ ತಂಗಿ ತೀರಿ ಬಾಳ ವರ್ಷ ಆತ್ರಿ."

ಅಂಗಡಿಕಾರ ನನ್ನನ್ನು ನೋಡಿ, ಚಹಾ ತರಿಸಲೇ ಎಂದು ಕೇಳಿದ. ಮಾತು ಮರೆಸಲಿಕ್ಕೆ ಕೊಡುವ ಚಹಾ ನಾನು ಕುಡಿಯುವುದಿಲ್ಲ. ಬೇಡವೆಂದೆ. ಒಂದು ವರ್ಷ ಮುತ್ಯಾನಿಗೆ ಜ್ವರ ಬಂದಾಗ ಅಂಗಡಿಕಾರನೇ ಸೀರೆ ಕಳಿಸಿಕೊಟ್ಟಿದ್ದನಂತೆ. ಗೌರವ್ವ ಎಂಬ ಹೆಸರು, ಬಾಡಗಂಡಿಯ ಆಚೆಗಿನ ಪುನರ್ವಸತಿ ಕೇಂದ್ರ, ಎರಡನ್ನೂ ಬರೆದುಕೊಂಡೆ. ಗಂಡಸರು ಯಾರನ್ನು ಬೇಕಾದರೂ ತಂಗಿ ಅನ್ನಬಲ್ಲರು.

ಜಮಖಂಡಿ ನಿಲ್ದಾಣದಲ್ಲಿ ಒಂದು ತಾಸು ಕೂತೆ. ಎರಡು ರೊಟ್ಟಿ ತಿಂದೆ. ಬೀಳಗಿ ಬಸ್ಸಿನ ಕಂಡಕ್ಟರ್ "ಯಾರ ಮನಿಗ್ರೀ ಅಕ್ಕಾರ?" ಎಂದು ಕೇಳಿದಾಗ ಗುಡಿಗೆ ಎಂದು ಸುಳ್ಳು ಹೇಳಿದೆ. ಹೇಳಿದ ಮೇಲೆ ನಾಚಿಕೆಯಾಯಿತು, ಮುತ್ಯಾನ ಸುಳ್ಳನ್ನೇ ನಾನೂ ಹೇಳಿದ್ದೆ. ದಾರಿಯ ಎರಡೂ ಕಡೆ ಕಬ್ಬು. ಬೀಳಗಿಯಲ್ಲಿ ಇಳಿದು ಟೆಂಪೊ ಹಿಡಿದು ಪುನರ್ವಸತಿ ಕೇಂದ್ರ ಮುಟ್ಟುವಾಗ ಎರಡು ಗಂಟೆ. ಹಿನ್ನೀರಿನಲ್ಲಿ ಮುಳುಗಿದ ಊರಿನವರು ಅಲ್ಲಿಗೆ ಬಂದು ಏಳೆಂಟು ವರ್ಷವಾಗಿತ್ತು.

ಗೌರವ್ವನ ಮನೆಯ ಗೋಡೆಯ ಗಿಳಿಗೂಟಕ್ಕೆ ಒಂದು ಕರಿ ಕಂಬಳಿ ತೂಗುತ್ತಿತ್ತು. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಕುರುಬರ ಕಂಬಳಿ. ಅಂಗಳದಲ್ಲಿದ್ದ ಗಂಡಸಿನ ಮೂಗು ಮುತ್ಯಾನ ಮೂಗಿನಂತಿದೆಯೇ ಎಂದು ದಿಟ್ಟಿಸಿದೆ. ಅವನು ಆಕೆಯ ಅಳಿಯನೆಂದು ಆಮೇಲೆ ಗೊತ್ತಾಯಿತು. ನಾನು ಯಾರೆಂದು ಹೇಳಿ, ಮುತ್ಯಾ ತೀರಿಕೊಂಡ ಸುದ್ದಿ ಹೇಳಿದೆ. ಬಿಳಿ ತಲೆಯ ಮುದುಕಿ ಗೌರವ್ವ ಎದ್ದು ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದಳು. ಸಾವಿನ ಸುದ್ದಿಗೆ ಹಾಗೆ ಸ್ನಾನ ಮಾಡುವವರು ಒಡಹುಟ್ಟಿದವರು. ನಾನು ನಂಬಲಿಲ್ಲ, ನೇರವಾಗಿ ಕೇಳಿದೆ.

"ನಮ್ಮ ಮುತ್ಯಾಗ ನೀವು ಏನಾಗಬೇಕ್ರಿ?"

"ನಾ ಅವರಿಗೆ ಮೋಸಾ ಮಾಡಿದಾಕಿ, ಯವ್ವಾ."

ಕುರಿ ತರುಬಿದ ಹಳೆಯ ಕಥೆ ಹೇಳಿದಳು. ಹೊಲದಲ್ಲಿ ಕುರಿ ತರುಬುವುದೆಂದರೆ ಹಿಂಡನ್ನು ರಾತ್ರಿ ಅಲ್ಲೇ ನಿಲ್ಲಿಸುವುದು. ನೆಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಕುರುಬನಿಗೆ ಜೋಳ ಕೊಡುತ್ತಾರೆ. ಮುಳುಗಿದ ಆ ಊರಿನ ರೈತನೊಬ್ಬ, ಬನ್ನಿಗಿಡದ ಬಲಕ್ಕಿರುವ ಹೊಲದಲ್ಲಿ ತರುಬು ಎಂದು ಮುತ್ಯಾನನ್ನು ಕರೆಸಿದ್ದ. ಮುತ್ಯಾ ಹೋದದ್ದು ಎಡಕ್ಕಿದ್ದ ಗೌರವ್ವನ ಹೊಲಕ್ಕೆ.

"ಹೊಳಿ ಕಡಿಂದ ಬಂದವರಿಗೆ ಎಡಾ ಬಲಾ ತಪ್ಪತೈತಿ" ಅಂದಳು ಗೌರವ್ವ. "ಮುಂಜಾನೆ ನೋಡಿದೆ, ಸುಮ್ಮನಿದ್ದೆ. ಮೂರು ದಿನಾ ಸುಮ್ಮನಿದ್ದೆ. ಗಂಡ ಸತ್ತಿದ್ದ, ಕೊಡಾಕ ಜೋಳ ಇರಲಿಲ್ಲ. ಆಮ್ಯಾಲ ಆ ರೈತ ಜಗಳಾ ತಗದ. ನಿಮ್ಮ ಮುತ್ಯಾ ಮತ್ತ ಅವನ ಹೊಲದಾಗ ಮೂರು ದಿನಾ ಬಿಟ್ಟಿ ತರುಬಿಕೊಟ್ರು."

ಆ ವರ್ಷ ಅವಳ ಹೊಲ ಭರಪೂರ ಬೆಳೆಯಿತು. ಮರುವರ್ಷ ಮುತ್ಯಾ ಬಂದಾಗ ಒಂದು ಚೀಲ ಜೋಳ ಮುಂದಿಟ್ಟು ತಪ್ಪು ಒಪ್ಪಿಕೊಂಡಳು.

"ಮುಟ್ಟಲಿಲ್ಲ ಅವರು. ತಂಗಿ ಹೊಲಕ್ಕ ಗೊಬ್ಬರಾ ಹಾಕಿ ಯಾರರ ಜೋಳ ಇಸಗೊಂತಾರೇನು ಅಂದ್ರು. ನನಗ ತವರಮನಿ ಇರಲಿಲ್ಲ. ಅಂದಿನಿಂದ ವರ್ಷಾ ಪಂಚಮಿ ಸೀರಿ ತಪ್ಪಲಿಲ್ಲ."

ನನ್ನ ಎದೆ ಹಗುರಾಯಿತು. ಆದರೂ ನನ್ನ ಬುದ್ಧಿ ಸುಮ್ಮನಿರಬೇಕಲ್ಲ? "ಮತ್ತ ನಮ್ಮ ಮನ್ಯಾಗ ಯಾಕ ಮುಚ್ಚಿಟ್ರು?" ಎಂದು ಕೇಳಿದೆ.

ಗೌರವ್ವ ನನ್ನ ಕೈಗೆ ಒಂದು ಶೇಂಗಾ ಉಂಡಿ ಕೊಟ್ಟಳು. "ಅವರ ಖಾಸಾ ತಂಗಿ ಒಮ್ಮಿ ಪಂಚಮಿಗೆ ಬಂದು, ಬಾಗಲಾಗಿಂದನ ಹೊಳ್ಳಿ ಹೋಗಿದ್ದಳಂತ. ಮುಂದಿನ ಪಂಚಮಿಗೆ ಆಕಿ ಇರಲಿಲ್ಲ. ಯಾಕ ಹೊಳ್ಳಿದಳು ಅನ್ನೋದು ನಿಮ್ಮ ಮನಿ ಮಾತು. ನನ್ನ ಕೇಳಬ್ಯಾಡ."

ಸೀರೆ ಕೊಟ್ಟು ಕಾಲು ಮುಟ್ಟಿದೆ. ಬೀಳಗಿಯಿಂದ ಮುಧೋಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನಸಾರೆ ಅತ್ತೆ. ಇಷ್ಟು ವರ್ಷ ನಾನು ಅವನ ಮೇಲೆ ಸಂಶಯಪಟ್ಟೆ ಅಂದುಕೊಂಡಿದ್ದೆ. ನಮ್ಮ ಮೇಲೆ ಸಂಶಯಪಟ್ಟವನು ಅವನು. ನನಗೂ ಹೇಳಿರಲಿಲ್ಲ, ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮುಧೋಳದಿಂದ ಕೊನೆಯ ಹದಿನೈದು ಕಿಲೋಮೀಟರು ನಿಂತೇ ಬಂದೆ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಆಯಿ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಇನ್ನೊಂದು ಮನೆ ಇರಲಿಲ್ಲ, ತಂಗಿಯೊಬ್ಬಳಿದ್ದಳು ಎಂದು ಹೇಳಿ, ಕೇಳಿದ್ದನ್ನೆಲ್ಲ ಹೇಳಿದೆ. ಬಾಗಿಲಿನ ಮಾತನ್ನೂ ಬಿಡಲಿಲ್ಲ. ಖರೇನೇ ಹೇಳು ಅಂದವಳು ಅವಳೇ.

ಆಯಿ ಹೊಸ್ತಿಲ ಕಡೆ ನೋಡಿದಳು.

"ಹೊಳ್ಳಿ ಕಳಿಸಿದಾಕಿ ನಾನ" ಅಂದಳು. "ನನಗ ಹೇಳಿದ್ದರ ಈಕಿನ್ನೂ ಹೊಳ್ಳಿ ಕಳಿಸತಿದ್ದೆ."