ಉಸ್ತಾನಿಯ ಪಾಟಿ

ನಾಗಪುರದ ಮೋಮಿನ್‌ಪುರಾಕ್ಕೆ ಹತ್ತಿಕೊಂಡ ಚಾಳಿನಲ್ಲಿ ನಮ್ಮ ಪಕ್ಕದ ಮನೆ ಹಾಜರಾಬಿಯದು. ಗದಗಿನ ಹೆಣ್ಣುಮಗಳು. ಮಕ್ಕಳಿರಲಿಲ್ಲ, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಗಂಡನೂ ತೀರಿಕೊಂಡಿದ್ದ. ಬೆಳಗಾದರೆ ಓಣಿಯ ಹುಡುಗಿಯರು ಅವಳ ಚಾಪೆಯ ಮೇಲೆ ಕೂತು ಕುರಾನು ಓದಲು ಕಲಿಯುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು ಉಸ್ತಾನಿ. ಒಬ್ಬ ಹುಡುಗಿಯ ಓದು ಮುಗಿದರೆ ಓಣಿಗೆಲ್ಲ ಹಲ್ವಾ, ಉಸ್ತಾನಿಗೆ ಹೊಸ ಓಢಣಿ. ಆ ದಿನ ಅವಳ ಠೀವಿ ನೋಡಬೇಕಿತ್ತು!

ಆದರೆ ಅವಳಿಗೆ ಬರೆಯಲು ಬರುತ್ತಿರಲಿಲ್ಲ.

"ನಮ್ಮಪ್ಪ ಓದೂದಷ್ಟ ಕಲಿಸಿದ ಅಕ್ಕಾ. ಹೆಣ್ಣಹುಡುಗಿ ಕೈಗೆ ಕಲಮು ಕೊಟ್ರ ಯಾರಿಗರೆ ಚೀಟಿ ಬರೀತಾಳಂತ ಅಂಜಿಕಿ" ಎಂದು ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮೊಹಲ್ಲಾದ ಕಮಿಟಿಯವರು ಗಂಡುಹುಡುಗರ ಮದರಸಾಕ್ಕೆ ಲೆಕ್ಕ, ಭೂಗೋಳ ತಂದರು. ಹುಡುಗಿಯರ ಸುದ್ದಿಯೇ ಇಲ್ಲ. ನನ್ನ ಹುಡುಗಿಯರ ಕೈಗೂ ಪಾಟಿ, ಬಳಪ ಕೊಡಿ ಎಂದು ಹಾಜರಾಬಿ ಪರದೆಯ ಹಿಂದೆ ನಿಂತು ವರ್ಷಗಟ್ಟಲೆ ಗೋಗರೆದಳು.

"ಹುಚ್ಚಿ, ನಿನ್ನ ಕೆಲಸಕ್ಕ ನೀನ ಕಲ್ಲು ಹಾಕ್ಕೋತಿ" ಎಂದೆ.

"ಬರಿಯೂದು ಬ್ಯಾರೆದವರು ಕಲಸ್ಲಿ, ಕುರಾನು ನಾ ಓದಸ್ತೀನಿ. ಬರೋಬರ್ ಆತಲ್ಲ?"

ಐವತ್ತೇಳರಲ್ಲಿ ಕಮಿಟಿ ಒಪ್ಪಿ ಹುಡುಗಿಯರಿಗೂ ಒಂದು ಶಾಲೆ ತೆರೆಯಿತು. ಹಾಜರಾಬಿ ಓಣಿಗೆಲ್ಲ ತಾನೇ ಹಲ್ವಾ ಹಂಚಿದಳು. ವಾರ ಕಳೆಯುವುದರೊಳಗೆ ಕಮಿಟಿಯ ಸೆಕ್ರೆಟರಿ ಬಾಗಿಲಿಗೆ ಬಂದ. ಹೊಸ ಶಾಲೆಯಲ್ಲೇ ಕುರಾನು ಪಾಠವೂ ನಡೆಯುತ್ತದಂತೆ, ಕಲಿಸುವವರಿಗೆ ಬರೆಯಲು ಬರಲೇಬೇಕಂತೆ. ವರ್ಷಗಟ್ಟಲೆ ಹುಡುಗಿಯರ ಕೈಗೆ ಕಲಮು ಕೊಡದವರೇ ಈಗ ಕಲಮು ಹಿಡಿಯಲು ಏಕೆ ಬಾರದು ಎಂದು ಕೇಳಲು ಬಂದಿದ್ದರು! ಹಾಗಾದರೆ ಚಿಕ್ಕ ಹುಡುಗಿಯರ ಸಾಲಿನಲ್ಲಿ ಕೂತು ಕಲಿಯುತ್ತೇನೆ ಎಂದಳು ಹಾಜರಾಬಿ. ನೋಡಿದವರು ನಗುತ್ತಾರೆ ಎಂದು ಹೇಳಿ ಆತ ಹೊರಟುಹೋದ.

ಚಾಪೆ ಖಾಲಿಯಾಯಿತು. ಆದರೂ ಅವಳು ಬೆಳಗಾದರೆ ಅದನ್ನು ಹಾಸುತ್ತಿದ್ದಳು.

ಒಂದು ದಿನ ಅವಳ ಹಳೆಯ ಶಿಷ್ಯೆ ನಫೀಸಾ ಶಾಲೆಗೆ ಹೋಗುವಾಗ ಒಳಗೆ ಓಡಿ ಬಂದಳು. ನಾನು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ. "ಉಸ್ತಾನಿ, ದೇಖೋ!" ಎಂದು ಪಾಟಿ ಚಾಚಿದಳು. ಹಾಜರಾಬಿ ತಟ್ಟನೆ ಓದಿದಳು. ತನ್ನದೇ ಹೆಸರು. ಬಳಪ ಇಸಿದುಕೊಂಡು ಅದರ ಕೆಳಗೆ ತಾನೂ ಬರೆಯಲು ನೋಡಿದಳು. ಸೊಟ್ಟ ಗೀಟುಗಳಷ್ಟೇ ಮೂಡಿದವು. ಓಢಣಿಯ ಸೆರಗಿನಿಂದ ತನ್ನ ಗೀಟುಗಳನ್ನಷ್ಟೇ ಒರೆಸಿ, ಹುಡುಗಿಯ ಅಕ್ಷರ ಅಳಿಸದಂತೆ ಪಾಟಿ ಹಿಂದಕ್ಕೆ ಕೊಟ್ಟಳು.

"ಜಾ ಬೇಟಿ, ಜಲ್ದಿ. ದೇರ್ ಹೋ ಜಾಯೇಗಿ."

ತಡವಾದೀತೆಂದು ಹುಡುಗಿ ಓಡಿದಳು. ನಾನು ಕಮಿಟಿಯವರನ್ನು ಬಾಯಿಗೆ ಬಂದಂತೆ ಬೈದೆ. ಹಾಜರಾಬಿ ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು.

"ಯಾರ ಮ್ಯಾಲ ಸಿಟ್ಟಾಗ್ಲಿ ಅಕ್ಕಾ? ಬೇಡಿಕೊಂಡಾಕಿ ನಾನ."

ಆ ಚಾಪೆಯನ್ನು ಅವಳು ಮತ್ತೆ ಹಾಸಲಿಲ್ಲ.